ಗ್ಯಾಸ್ ಜಾಯಿಂಟ್‌ಗೆ ಯಾವುದು: ಬಿಳಿ ಟೇಪಾ, ಹಳದಿ ಟೇಪಾ, ಸುತಳಿಯಾ, ಲಿಕ್ವಿಡ್ಡಾ?

ಬಳ್ಳಾರಿಯ ನಮ್ಮ ಮನೆಯಲ್ಲಿ ಸಿಲಿಂಡರ್ ಹಿತ್ತಲಲ್ಲಿದೆ. ಅಲ್ಲಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಒಂದು ಲೈನ್ ಒಲೆಗೆ, ಇನ್ನೊಂದು ಗೀಸರ್‌ಗೆ ಬರುತ್ತದೆ. ಫಿಟ್ಟರ್ ಅಣ್ಣನ ಪಕ್ಕದಲ್ಲೇ ನಿಂತು, ಬೇರೆ ಬೇರೆ ಜಾಯಿಂಟ್‌ಗೆ ಬೇರೆ ಬೇರೆ ಸೀಲ್ ಹಾಕಿಸಿ, ಸೋಪಿನ ನೀರು ಹಚ್ಚಿ ನೋಡಿದ್ದೇನೆ. ನನ್ನ ಓಟು ಹಳದಿ ಟೇಪಿಗೆ.

ಬಿಳಿ ಟೇಪ್ ನೀರಿನ ನಲ್ಲಿಗಳ ಕೆಲಸದ್ದು. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ತೀರಾ ತೆಳು. ಎಲ್ಬೋ (ಪೈಪಿನ ಮೂಲೆ ತಿರುವಿನ ತುಂಡು) ತಿರುಗಿಸಿ ಸೋಪಿನ ನೀರು ಹಚ್ಚಿದಾಗ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒರೆಸಿದರೆ ಮತ್ತೆ ಅಲ್ಲೇ ಎದ್ದಿತು. ಬಿಚ್ಚಿ ನೋಡಿದರೆ ಥ್ರೆಡ್ಡಿನ (ಪೈಪಿನ ತಿರುಪು ಗೆರೆಗಳ) ಏಣು ತಾಗಿ ಟೇಪ್ ಹರಿದಿತ್ತು. ಸುತ್ತು ಜಾಸ್ತಿ ಮಾಡಿದರೆ ನಿಲ್ಲಬಹುದು. ಆದರೂ ಗ್ಯಾಸಿಗೆಂದೇ ಬೇರೆ ಟೇಪ್ ಇರುವಾಗ ಇದರ ಹಂಗು ಯಾಕೆ?

ಹಳದಿ ಟೇಪ್ ಗ್ಯಾಸಿಗೆಂದೇ ಮಾಡಿದ್ದು. ದಪ್ಪ, ಒತ್ತಾಗಿಯೂ ಇರುತ್ತದೆ. ನಾಲ್ಕೈದು ಸುತ್ತು ಸುತ್ತಿ ಹೆಬ್ಬೆರಳಿನಿಂದ ಒತ್ತಿದರೆ ಥ್ರೆಡ್ಡಿನ ಗೆರೆಗಳು ಅದರ ಮೇಲೆ ಎದ್ದು ಕಾಣುತ್ತವೆ. ಅದೇ ಎಲ್ಬೋಗೆ ಇದನ್ನು ಹಾಕಿದ ಮೇಲೆ ಒಂದು ಗುಳ್ಳೆಯೂ ಇಲ್ಲ. ಗೀಸರ್ ರಿಪೇರಿಗೆ ಜಾಯಿಂಟ್ ಬಿಚ್ಚಬೇಕಾದರೂ ಪಾನಾ ಹಾಕಿದರೆ ಸಾಕು. ಸುತ್ತುವಾಗ ತುದಿಯ ಒಂದು ಥ್ರೆಡ್ ಖಾಲಿ ಬಿಡಿ. ಟೇಪಿನ ಚೂರು ಒಳಗೆ ಹೋದರೆ ಬರ್ನರ್ ಜೆಟ್ (ಗ್ಯಾಸ್ ಬರುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ. ಬಲಕ್ಕೆ ತಿರುಗಿಸಿ ಬಿಗಿಮಾಡುವ ಥ್ರೆಡ್‌ಗೆ ಟೇಪನ್ನೂ ಬಲಕ್ಕೇ ಸುತ್ತಬೇಕು, ಇಲ್ಲಾಂದ್ರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ ನೇರ ಕೂರಲಿ ಅಂತ ಹಿಂದಕ್ಕೆ ತಿರುಗಿಸಬೇಡಿ, ಸೀಲ್ ಅಲ್ಲೇ ಸಡಿಲಾಗುತ್ತದೆ.

ಸುತಳಿ-ಸಫೇದಾ, ಅಂದ್ರೆ ಥ್ರೆಡ್ಡಿಗೆ ನಾರು ಸುತ್ತಿ ಬಿಳಿ ಪೇಸ್ಟ್ ಹಚ್ಚುವುದು, ಹಳೇ ಫಿಟ್ಟರ್‌ಗಳ ಕೈಚಳಕ. ನೀರಿನ ಪೈಪಿಗೆ ಅದು ನಿಜಕ್ಕೂ ಒಳ್ಳೆಯದು, ಯಾಕಂದ್ರೆ ನಾರು ನೆನೆದು ಊದಿ ಸಂದು ಮುಚ್ಚುತ್ತದೆ. ಗ್ಯಾಸಿನಲ್ಲಿ ಆ ತೇವ ಎಲ್ಲಿಂದ ಬರಬೇಕು? ನಾರು ಒಣಗಿ ಕುಗ್ಗುತ್ತದೆ. ಅದೂ ನಮ್ಮ ಬಳ್ಳಾರಿ ಬಿಸಿಲಿನಲ್ಲಿ! ಗ್ಯಾಸಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಲಿಕ್ವಿಡ್ ಸೀಲಂಟ್ ಗಾಳಿ ಸಿಗದ ಕಡೆ, ಲೋಹ ತಾಗಿದಲ್ಲಿ ಗಟ್ಟಿಯಾಗುವ ಅಂಟು. ಅದಕ್ಕೇ ಬಾಟಲಿಯಲ್ಲಿ ಬೇಕಂತಲೇ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ಮತ್ತೆ ಬಿಚ್ಚದ ಜಾಯಿಂಟ್‌ಗೆ ಇದು ಹಳದಿ ಟೇಪಿಗಿಂತ ಗಟ್ಟಿ. ನಮ್ಮ ಗೋಡೆಯೊಳಗಿನ ಜಾಯಿಂಟ್‌ಗೆ ಇದನ್ನೇ ಹಾಕಿಸಿದೆ. ಆದರೆ ದುಬಾರಿ, ಥ್ರೆಡ್ಡಿನಲ್ಲಿ ಎಣ್ಣೆ ಜಿಡ್ಡು ಇರಬಾರದು, ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡುವುದು ಒಳ್ಳೆಯದು. ಅಷ್ಟರವರೆಗೆ ರೊಟ್ಟಿ ಬೇಯಿಸುವುದು ಎಲ್ಲಿ, ಅಲ್ವಾ?

ಇನ್ನು ಎರಡು ಕಡೆ ಏನೂ ಹಾಕಬಾರದು. ರಬ್ಬರ್ ಪೈಪ್ ಒಲೆಯ ನಾಜಲ್‌ಗೆ ಸಿಕ್ಕಿಸುವಲ್ಲಿ ಕ್ಲಿಪ್ಪೇ ಸೀಲ್. ತಾಮ್ರದ ಪೈಪಿನ ಬಾಯಿ ಅಗಲಿಸಿ ಕೂರಿಸುವ ಜಾಯಿಂಟ್‌ನಲ್ಲಿ ಲೋಹಕ್ಕೆ ಲೋಹವೇ ಒತ್ತಿ ಕೂರುತ್ತದೆ. ಅಲ್ಲಿ ಟೇಪ್ ಸುತ್ತಿದರೆ ಅದೇ ಅಡ್ಡಿ.

ಯಾವುದೇ ಹಾಕಿಸಿ, ಬೆಂಕಿಕಡ್ಡಿ ಹಿಡಿದು ನೋಡಬೇಡಿ. ಪರೀಕ್ಷೆಗೆ ಸೋಪಿನ ನೀರೇ ಸಾಕು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.