ಎಂಎಸ್‌ಎನ್ ಮೆಸೆಂಜರನ್ನು ಬ್ರೌಸರಿಗೆ ತರಲು ನಾಲ್ಕು ದಾರಿ

1999ರ ಜುಲೈನಲ್ಲಿ ಬಂದ ಮೈಕ್ರೋಸಾಫ್ಟಿನ ಚಾಟ್ ತಂತ್ರಾಂಶ ಎಂಎಸ್‌ಎನ್ ಮೆಸೆಂಜರನ್ನು ವೆಬ್ ಆ್ಯಪ್ ಆಗಿ ಮತ್ತೆ ಕಟ್ಟುವವರು ಮೊದಲು ಕೈ ಹಾಕುವುದು ಆ ನೀಲಿ ಕಿಟಕಿಗೆ. ಅದೇನೂ ಕಷ್ಟವಲ್ಲ. ಎಕ್ಸ್‌ಪಿ ಡಾಟ್ ಸಿಎಸ್‌ಎಸ್ ಎಂಬ ಸಿದ್ಧ ಸ್ಟೈಲ್‌ಶೀಟ್ ಸೇರಿಸಿದರೆ ಬಟನ್, ಟ್ಯಾಬ್ ಎಲ್ಲ ಹಳೆಯ ವಿಂಡೋಸಿನ ಹಾಗೇ ಬರುತ್ತವೆ. ಆದರೆ ಆ ಮೆಸೆಂಜರಿನ ಜೀವ ಇದ್ದದ್ದು ಗೆಳೆಯರ ಪಟ್ಟಿಯಲ್ಲಿ: ಯಾರು ಬಂದರು, ಯಾರು ಹೋದರು, ಯಾರು ಊಟಕ್ಕೆ ಎದ್ದಿದ್ದಾರೆ. ಆ ಪಟ್ಟಿ ಸುಳ್ಳು ಹೇಳಬಾರದು. ಒಂದೇ ಪರದೆಗೆ ನಾಲ್ಕು ಬಗೆಯ ಸಂಪರ್ಕ ಜೋಡಿಸಿ ನೋಡುವಾಗ ನಮ್ಮ ಅಳತೆಗೋಲು ಅದೇ.

ಪೋಲಿಂಗ್, ಅಂದರೆ ಹೊಸದೇನಿದೆ ಎಂದು ಬ್ರೌಸರ್ ಸರ್ವರನ್ನು ಆಗಾಗ ಕೇಳುವುದು, ಬರೆಯಲು ಎಲ್ಲಕ್ಕಿಂತ ಸುಲಭ, ಬಿಡುವುದೂ ಅಷ್ಟೇ ಬೇಗ. 3 ಸೆಕೆಂಡಿಗೊಮ್ಮೆ ಕೇಳಿದರೆ ಒಬ್ಬರಿಂದ ನಿಮಿಷಕ್ಕೆ 20 ವಿನಂತಿ. 50 ಜನಕ್ಕೆ 1000, ಬಹುಪಾಲು ಖಾಲಿ ಉತ್ತರ. ಅದಕ್ಕಿಂತ ದೊಡ್ಡ ತೊಂದರೆ ಹಿಂದೆ ಸರಿಸಿಟ್ಟ ಟ್ಯಾಬಿನದು. ಕ್ರೋಮ್ 5 ನಿಮಿಷ ಮರೆಯಲ್ಲಿದ್ದ ಪುಟದ ಟೈಮರನ್ನು ನಿಮಿಷಕ್ಕೊಮ್ಮೆಗೆ ಇಳಿಸುತ್ತದೆ. ಮೆಸೆಂಜರ್ ದಿನವಿಡೀ ಇರುವುದೇ ಮರೆಯಲ್ಲಿ.

ಎಸ್‌ಎಸ್‌ಇ, ಅಂದರೆ ಸರ್ವರೇ ಕಳಿಸುತ್ತಾ ಹೋಗುವ ಒಮ್ಮುಖ ಹರಿವು, ನಮಗೆ ನಿರೀಕ್ಷೆಗಿಂತ ಹಿಡಿಸಿತು. ಸಂಪರ್ಕ ಕಡಿದರೆ ಬ್ರೌಸರೇ ಮತ್ತೆ ಜೋಡಿಸಿಕೊಳ್ಳುತ್ತದೆ. ಕೊನೆಗೆ ಬಂದ ಸಂದೇಶದ ಸಂಖ್ಯೆಯನ್ನೂ ಆಗ ಕಳಿಸುವುದರಿಂದ ನಡುವೆ ತಪ್ಪಿದ್ದನ್ನು ಸರ್ವರ್ ತುಂಬಿಕೊಡಬಹುದು. ನಾವು ಕಳಿಸುವ ಮಾತಿಗೆ ಮಾತ್ರ ಬೇರೆ ಪೋಸ್ಟ್ ವಿನಂತಿ ಬೇಕು. ಎಡವುವ ಜಾಗ ಎರಡು. ನಡುವೆ ನಿಂತು ವಿನಂತಿ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಉತ್ತರವನ್ನು ಬಫರಿನಲ್ಲಿ ಹಿಡಿದಿಟ್ಟರೆ ಸಂದೇಶಗಳು ಗುಂಪಾಗಿ ಬಂದು ಬೀಳುತ್ತವೆ. ಆ ದಾರಿಗೆ ಬಫರಿಂಗ್ ಆಫ್ ಮಾಡಬೇಕು. ಎಚ್‌ಟಿಟಿಪಿ 1.1ರಲ್ಲಿ ಒಂದು ಡೊಮೇನಿಗೆ 6 ಸಂಪರ್ಕ ಮಾತ್ರ. ಪ್ರತಿ ಮಾತುಕತೆಯನ್ನೂ ಬೇರೆ ಟ್ಯಾಬಿನಲ್ಲಿ ತೆರೆದರೆ ಏಳನೆಯದು ಸುಮ್ಮನೆ ಕಾಯುತ್ತಾ ಕೂರುತ್ತದೆ. ಎಚ್‌ಟಿಟಿಪಿ 2 ಇದ್ದರೆ ಈ ಕಾಟವಿಲ್ಲ.

ಎರಡೂ ಕಡೆಯಿಂದ ಮಾತಾಡಬಲ್ಲ, ತೆರೆದೇ ಇರುವ ಸಂಪರ್ಕ ವೆಬ್‌ಸಾಕೆಟ್; ಅದನ್ನು ಬಳಸುವ ಸಿದ್ಧ ಲೈಬ್ರರಿ ಸಾಕೆಟ್ ಐಒ. ಸಾಕೆಟ್ ಐಒ ಮತ್ತು ಬರಿಯ ವೆಬ್‌ಸಾಕೆಟ್ ನಡುವೆ ನಿಜವಾದ ಪೈಪೋಟಿ. ಸಾಕೆಟ್ ಐಒದಲ್ಲಿ ಮರುಜೋಡಣೆ, ರೂಮುಗಳು (ಮಾತುಕತೆಯ ಗುಂಪುಗಳು) ಸಿದ್ಧವಾಗಿಯೇ ಬರುತ್ತವೆ. 'ಇದ್ದೀಯಾ' ಎಂದು ಕೇಳುವ ಪಿಂಗ್ 25 ಸೆಕೆಂಡಿಗೊಮ್ಮೆ, ಉತ್ತರಕ್ಕೆ ಕಾಯುವುದು 20 ಸೆಕೆಂಡ್. ಯಾರಾದರೂ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದರೆ 45 ಸೆಕೆಂಡಿನವರೆಗೂ ಅವರ ಹೆಸರು ಹಸಿರಾಗಿಯೇ ಇರಬಹುದು. ಎರಡನ್ನೂ 10ಕ್ಕೆ ಇಳಿಸಿದರೆ ಪಟ್ಟಿ ನಂಬುವಂತಾಗುತ್ತದೆ. ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದು ಪೋಲಿಂಗ್‌ನಿಂದ ಶುರುವಾಗುವ ಮಾಮೂಲಿ ವ್ಯವಸ್ಥೆ ಉಳಿಸಿಕೊಂಡರೆ, ಒಬ್ಬರ ವಿನಂತಿಗಳೆಲ್ಲ ಒಂದೇ ಸರ್ವರಿಗೆ ಹೋಗುವಂತೆ ಕಟ್ಟಿಹಾಕಬೇಕು.

ಬರಿಯ ವೆಬ್‌ಸಾಕೆಟ್‌ನಲ್ಲಿ ಇದನ್ನೆಲ್ಲ ನಾವೇ ಬರೆಯಬೇಕು, ಆದರೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬ್ರೌಸರಿನ ಜಾವಾಸ್ಕ್ರಿಪ್ಟಿಗೆ ಪಿಂಗ್ ಕಳಿಸಲು ಬರುವುದಿಲ್ಲ. ಸರ್ವರ್ ಕಳಿಸಬೇಕು, ಬ್ರೌಸರ್ ತಾನಾಗಿ ಉತ್ತರಿಸುತ್ತದೆ. ಎಂಜಿನ್‌ಎಕ್ಸ್ 60 ಸೆಕೆಂಡ್ ಸದ್ದಿಲ್ಲದ ಸಂಪರ್ಕವನ್ನು ಕಡಿದುಹಾಕುವುದರಿಂದ ಪಿಂಗ್ ಅದಕ್ಕಿಂತ ಬೇಗ ಹೋಗಬೇಕು. ಮೂಲ ಮೆಸೆಂಜರ್ 1863ನೇ ಪೋರ್ಟಿನಲ್ಲಿ ಮೂರಕ್ಷರದ ಸಂಕೇತಗಳಲ್ಲೇ ಮಾತಾಡುತ್ತಿತ್ತು: ಆನ್‌ಲೈನಿಗೆ ಎನ್‌ಎಲ್‌ಎನ್, ಬ್ಯುಸಿಗೆ ಬಿಎಸ್‌ವೈ, ಊಟಕ್ಕೆ ಎಲ್‌ಯುಎನ್. ಅದೇ ಸಂಕೇತಗಳನ್ನು ಇಟ್ಟುಕೊಂಡರೆ ಲಾಗ್ ಓದುವುದೇ ಒಂದು ಖುಷಿ. ಒಂದೇ ಸರ್ವರ್, ಐವತ್ತು–ನೂರು ಗೆಳೆಯರಿಗೆ ನಮ್ಮ ಆಯ್ಕೆ ಇದೇ. ವಾರಾಂತ್ಯದಲ್ಲಿ ಮುಗಿಸಬೇಕೆನ್ನುವವರಿಗೆ ಸಾಕೆಟ್ ಐಒ.

ಯಾವ ದಾರಿ ಹಿಡಿದರೂ ಕಾಡುವ ಒಂದು ದೋಷವಿದೆ. ಗೆಳತಿ ಪುಟವನ್ನು ರಿಫ್ರೆಶ್ ಮಾಡಿದರೆ ಸಾಕು, ಎಲ್ಲರ ಪರದೆಯಲ್ಲೂ ಅವಳು ಹೋದಳು, ಬಂದಳು, ಜೊತೆಗೆ ಟಿಂಗ್ ಸದ್ದು. ಎರಡು ಟ್ಯಾಬ್ ತೆರೆದು ಒಂದನ್ನು ಮುಚ್ಚಿದರೆ ಇದ್ದವಳನ್ನೇ ಇಲ್ಲ ಅನ್ನುತ್ತದೆ. ಕಾರಣ, ಸಂಪರ್ಕವನ್ನೇ ವ್ಯಕ್ತಿ ಎಂದು ಎಣಿಸಿರುವುದು. ಪ್ರತಿಯೊಬ್ಬರಿಗೂ ಸಂಪರ್ಕಗಳ ಒಂದು ಗುಂಪು ಇಡಿ. ಕೊನೆಯದೂ ಹೋದ ಮೇಲೆ 8 ಸೆಕೆಂಡ್ ಕಾದು, ಆಗಲೂ ಖಾಲಿ ಇದ್ದರೆ ಮಾತ್ರ ಆಫ್‌ಲೈನ್ ಎಂದು ಸಾರಿ.

ಆ ಟಿಂಗ್ ಕೂಡ ತಾನಾಗಿ ಕೇಳಿಸುವುದಿಲ್ಲ; ಬಳಕೆದಾರರು ಏನನ್ನಾದರೂ ಒತ್ತುವ ತನಕ ಬ್ರೌಸರ್ ಸದ್ದನ್ನು ತಡೆಯುತ್ತದೆ. ಸೈನ್ ಇನ್ ಬಟನ್ ಒತ್ತಿದಾಗಲೇ ಆಡಿಯೊ ತೆರೆದಿಡಿ. ಕಿಟಕಿ ನಡುಗಿಸುವ ನಜ್‌ಗೆ ಸಿಎಸ್‌ಎಸ್ ಕ್ಲಾಸ್ ಸೇರಿಸಿದರೆ ಮೊದಲ ಸಲ ನಡುಗಿ ಎರಡನೆಯ ಸಲ ಸುಮ್ಮನಿರುತ್ತದೆ, ಯಾಕೆಂದರೆ ಕ್ಲಾಸ್ ಅಲ್ಲೇ ಇದೆ. ಜಾವಾಸ್ಕ್ರಿಪ್ಟಿನ ಆನಿಮೇಟ್ ವಿಧಾನ ಪ್ರತಿ ಸಲವೂ ಹೊಸದಾಗಿ ಓಡುತ್ತದೆ. ನಗುಮುಖ ಹುಡುಕುವ ಮುನ್ನ ವೆಬ್ ವಿಳಾಸಗಳನ್ನು ಬೇರ್ಪಡಿಸಿ. ಇಲ್ಲದಿದ್ದರೆ ವಿಳಾಸದ ಆರಂಭದಲ್ಲಿರುವ :/ ಕೂಡ ಮುಖವಾಗಿ ಲಿಂಕ್ ಮುರಿಯುತ್ತದೆ.

ಕನ್ನಡಕ್ಕೆ ನಾಲ್ಕು ತಿದ್ದುಪಡಿ ಬೇಕು. ಹಳೆಯ ವಿಂಡೋಸಿನ ಫಾಂಟ್ ತಹೋಮಾದಲ್ಲಿ ಕನ್ನಡ ಅಕ್ಷರಗಳಿಲ್ಲ, ಹಾಗಾಗಿ ಫಾಂಟ್ ಪಟ್ಟಿಯಲ್ಲಿ ಅದರ ನಂತರ ತುಂಗಾ, ನಿರ್ಮಲಾ ಯುಐ ಬರೆಯಿರಿ. 11 ಪಿಕ್ಸೆಲ್‌ನಲ್ಲಿ ಒತ್ತಕ್ಷರ ಓದಲಾಗದು, ಸಾಲಿನೆತ್ತರ ಬಿಗಿಯಾಗಿದ್ದರೆ ಕೆಳಭಾಗ ಕತ್ತರಿಸಿಹೋಗುತ್ತದೆ. 14 ಪಿಕ್ಸೆಲ್, 1.5 ಸಾಲಿನೆತ್ತರ ಸಾಕಾಗುತ್ತದೆ. ಉದ್ದದ ಅಡ್ಡಹೆಸರನ್ನು ಅಕ್ಷರಸಂಖ್ಯೆ ನೋಡಿ ಕತ್ತರಿಸಿದರೆ 'ಲಕ್ಷ್ಮಿ' ಎಂಬುದು 'ಲಕ್' ಎಂದು ನಿಲ್ಲುವುದುಂಟು. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಜಾವಾಸ್ಕ್ರಿಪ್ಟಿನ ಇಂಟ್ಲ್ ಸೆಗ್ಮೆಂಟರ್ ಬಳಸಿ, ನಿಮ್ಮ ಬ್ರೌಸರಿನಲ್ಲಿ ಒತ್ತಕ್ಷರ ಒಡೆಯುವುದಿಲ್ಲವೇ ಎಂದು ಪರೀಕ್ಷಿಸಿ. ಲಿಪ್ಯಂತರ ಕೀಲಿಮಣೆಯಲ್ಲಿ ಪದ ಆರಿಸಲು ಎಂಟರ್ ಒತ್ತಿದಾಗ ಅರ್ಧ ಮಾತು ಹೊರಟುಹೋಗದಂತೆ, ಕೀ ಘಟನೆಯ 'ಈಸ್ ಕಂಪೋಸಿಂಗ್' ನಿಜವಾಗಿದ್ದಾಗ ಕಳಿಸುವುದನ್ನು ತಡೆಯಿರಿ.