ಮಾಜಿ ಸೈನಿಕರ ಬಂದೂಕು ಪರವಾನಗಿ ನವೀಕರಣ: ಮೈಸೂರಿನಲ್ಲಿ ನಮಗೆ ಸಿಕ್ಕ ಸೇವೆ

ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಪಡೆದ ಮಾಜಿ ಸೈನಿಕರೊಬ್ಬರು ಮೈಸೂರಿನಲ್ಲಿ ಬಂದೂಕಿನ ಪರವಾನಗಿಯನ್ನು ನವೀಕರಿಸಿಕೊಳ್ಳಲು ಹೊರಟರೆ ಎಂಥ ಸೇವೆ ಸಿಗುತ್ತದೆ ಎಂಬುದನ್ನು ನಮ್ಮ ಯಜಮಾನರ ಜೊತೆ ಓಡಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಅವರು ಹವಾಲ್ದಾರರಾಗಿ ನಿವೃತ್ತರಾದವರು. ಈಗ ಏಜೆನ್ಸಿಯೊಂದರ ಮೂಲಕ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದಾರೆ. ಸ್ವಂತ ಜೋಡಿ ನಳಿಗೆ ಬಂದೂಕು ಮತ್ತು ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ ಆ ಕೆಲಸ ಉಳಿಯುತ್ತದೆ. ಗಡಿಯಲ್ಲಿ ಕಳೆದ ವರ್ಷಗಳ ಫಲವಾಗಿ ಅವರಿಗೆ ಪಿಟಿಎಸ್‌ಡಿ (ಭೀಕರ ಘಟನೆಗಳ ಆಘಾತದಿಂದ ಉಳಿಯುವ ಮಾನಸಿಕ ತೊಂದರೆ) ಮತ್ತು ಖಿನ್ನತೆ ಇದೆ ಎಂದು ಮನೋವೈದ್ಯರು ಬರೆದುಕೊಟ್ಟಿದ್ದರು. ಆ ಒಂದು ಸಾಲಿನಿಂದಲೇ ನವೀಕರಣ ನಿಂತುಹೋಗುತ್ತದೆ ಎಂದು ಮಂಡ್ಯ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಅವರ ಸೇನೆಯ ಸಂಗಾತಿಗಳೆಲ್ಲ ಹೆದರಿಸಿದ್ದರು. ಹಾಗಾಗಲಿಲ್ಲ. ಆದರೆ ದಾರಿಯಲ್ಲಿ ಕಂಡದ್ದೆಲ್ಲ ಮೆಚ್ಚುವಂಥದ್ದೂ ಅಲ್ಲ.

ಮೊದಲು ಕಾನೂನಿನ ಮಾತು, ಏಕೆಂದರೆ ಕೌಂಟರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 1959ರ ಆಯುಧ ಕಾಯ್ದೆಯ 14ನೇ ಸೆಕ್ಷನ್ನಿನ ಪ್ರಕಾರ, ಅರ್ಜಿದಾರರು ಅಸ್ವಸ್ಥಚಿತ್ತರೆಂದು ಅಥವಾ ಬೇರಾವುದೇ ಕಾರಣದಿಂದ ಪರವಾನಗಿಗೆ ಅನರ್ಹರೆಂದು ನಂಬಲು ಕಾರಣವಿದ್ದರೆ ಪರವಾನಗಿ ಕೊಡುವ ಪ್ರಾಧಿಕಾರವು ಅದನ್ನು ನಿರಾಕರಿಸಬೇಕು. 15ನೇ ಸೆಕ್ಷನ್ನಿನ ಮೂಲಕ ಇದೇ ನಿಯಮ ನವೀಕರಣಕ್ಕೂ ಅನ್ವಯಿಸುತ್ತದೆ. ಈಗಾಗಲೇ ಕೊಟ್ಟ ಪರವಾನಗಿಯನ್ನು ಅಮಾನತಿನಲ್ಲಿಡುವ ಅಥವಾ ರದ್ದುಪಡಿಸುವ ಅಧಿಕಾರ 17ನೇ ಸೆಕ್ಷನ್ನಿನಲ್ಲಿದೆ. ಇಷ್ಟನ್ನೇ ಓದಿದವರು ಕಾಯಿಲೆಯ ಹೆಸರು ಕಂಡೊಡನೆ ಕಡತ ಮುಚ್ಚುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್, ಸಕ್ಷಮ ನ್ಯಾಯಾಲಯ ಹಾಗೆ ಘೋಷಿಸಿದ ಹೊರತು, ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ಭಾವಿಸತಕ್ಕದ್ದಲ್ಲ ಎನ್ನುತ್ತದೆ. ಹಿಂದೆ ಪಡೆದ ಚಿಕಿತ್ಸೆ ಅಥವಾ ಆಸ್ಪತ್ರೆ ವಾಸವು ಪರಿಗಣಿಸಬೇಕಾದ ಸಂಗತಿಯಾದರೂ, ಅದೊಂದರಿಂದಲೇ ಈಗಲೂ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ ಎಂದೂ ಅಲ್ಲೇ ಹೇಳಿದೆ. ಹೀಗಾಗಿ ಅಧಿಕಾರಿ ವಿವೇಚಿಸಬೇಕಾದದ್ದು ಈ ಮನುಷ್ಯನ ಕೈಯಲ್ಲಿ ಇಂದು ಬಂದೂಕು ಇರುವುದು ಅವನಿಗೂ ಇತರರಿಗೂ ಕ್ಷೇಮವೇ ಎಂಬುದನ್ನು. ಈ ವಿವೇಚನೆ ಬೇಕೇ ಬೇಕು. ಆ ಬಂದೂಕು ಇರುವ ಮನೆಯಲ್ಲಿ ಮಕ್ಕಳೊಂದಿಗೆ ಮಲಗುವವಳು ನಾನು.

ಹೋಲಿಕೆಗೆ ಹೇಳುವುದಾದರೆ, ಅಮೆರಿಕದಲ್ಲಿ ಬಂದೂಕು ಹೊಂದುವುದು ಸಂವಿಧಾನದತ್ತ ಹಕ್ಕು. ಅಲ್ಲಿಯ ಒಕ್ಕೂಟ ಕಾನೂನಿನಲ್ಲಿಯೂ ರೋಗದ ಹೆಸರೊಂದೇ ಆ ಹಕ್ಕನ್ನು ಕಳೆಯುವುದಿಲ್ಲ. ನ್ಯಾಯಾಲಯದ ಅಥವಾ ಕಾನೂನುಬದ್ಧ ಅಧಿಕಾರವುಳ್ಳ ಮಂಡಳಿಯ ತೀರ್ಮಾನವೋ, ಮನೋರೋಗ ಆಸ್ಪತ್ರೆಗೆ ಕಡ್ಡಾಯ ದಾಖಲಾತಿಯೋ ಆಗಿರಬೇಕು. ನಮ್ಮಲ್ಲಿ ಬಂದೂಕು ಹಕ್ಕಲ್ಲ, ಅನುಮತಿ. ಆದ್ದರಿಂದ ಅಧಿಕಾರಿಯ ವಿವೇಚನೆಗೆ ಇಲ್ಲಿ ಹೆಚ್ಚು ತೂಕ.

ಈ ಸೇವೆಯಲ್ಲಿ ಅತ್ಯಂತ ದುರ್ಬಲವಾಗಿ ಕಂಡದ್ದು ವೈದ್ಯಕೀಯ ಪ್ರಮಾಣಪತ್ರದ ಹಂತ. 2016ರ ಆಯುಧ ನಿಯಮಗಳಲ್ಲಿ ಎಸ್-3 ಎಂಬ ನಮೂನೆಯಿದೆ. ಅರ್ಜಿದಾರರ ಮಾನಸಿಕ ಆರೋಗ್ಯ ಹಾಗೂ ದೈಹಿಕ ಕ್ಷಮತೆಯನ್ನೂ, ಅವರು ಮಾದಕ ಪದಾರ್ಥಗಳಿಗೆ ಅಂಟಿಕೊಂಡವರಲ್ಲ ಎಂಬುದನ್ನೂ ವೈದ್ಯರು ಅದರಲ್ಲಿ ದೃಢೀಕರಿಸಬೇಕು. ನಾವು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಡಾಕ್ಟರು ತಲೆಯೆತ್ತಿ ನೋಡದೆ ಸಹಿ ಹಾಕಲು ಸಿದ್ಧರಾದರು. ಯಜಮಾನರೇ ತಾವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಮುಂದಿಟ್ಟಾಗ ಅದೇ ಡಾಕ್ಟರು ಪೆನ್ನು ಮುಚ್ಚಿ, ಇಂಥವರಿಗೆ ಕೊಡಲಾಗದು ಎಂದು ಕಳಿಸಿಬಿಟ್ಟರು. ಎರಡೂ ತಪ್ಪು. ಮೊದಲನೆಯದರಿಂದ ಅಪಾಯದಲ್ಲಿರುವವನಿಗೂ ಬಂದೂಕು ಸಿಗುತ್ತದೆ. ಎರಡನೆಯದರಿಂದ ಸತ್ಯ ಹೇಳಿದವನಿಗೆ ಶಿಕ್ಷೆಯಾಗುತ್ತದೆ. ಮಾತ್ರೆ ನುಂಗುವವನ ಲೈಸೆನ್ಸ್ ಹೋಗುತ್ತದೆ, ಚಿಕಿತ್ಸೆಯೇ ಬೇಡವೆಂದು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕುಡಿಯುವವನದು ಉಳಿಯುತ್ತದೆ ಎಂಬ ಪಾಠವನ್ನು ಮಾಜಿ ಸೈನಿಕರು ಇಂಥ ಬಾಗಿಲುಗಳಲ್ಲೇ ಕಲಿಯುತ್ತಾರೆ. ಅವರ ಸಂಗಾತಿಗಳಲ್ಲಿ ಕೆಲವರು ಮನೋವೈದ್ಯರ ಹೆಸರೆತ್ತಿದರೆ ಎದ್ದು ಹೋಗುವುದನ್ನು ನಾನೇ ನೋಡಿದ್ದೇನೆ.

ಕೊನೆಗೆ ಕೈಹಿಡಿದವರು ಯಜಮಾನರಿಗೆ ಮೊದಲಿನಿಂದ ಚಿಕಿತ್ಸೆ ನೀಡುತ್ತಿದ್ದ ಮನೋವೈದ್ಯರು. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿದ್ದ ವೈದ್ಯಕೀಯ ವರ್ಗವನ್ನು ಓದಿ, ಸೈನಿಕರ ಆರೋಗ್ಯವನ್ನು ಶ್ರೇಣೀಕರಿಸುವ ಶೇಪ್ ಪದ್ಧತಿಯಲ್ಲಿ 'ಎಸ್' ಎಂಬುದು ಮನಸ್ಸಿನ ಸ್ಥಿತಿಯನ್ನು ಸೂಚಿಸುತ್ತದೆ, ಅದು ಸೇನಾ ಕರ್ತವ್ಯಕ್ಕಾಗಿ ಅಂದು ಹಾಕಿದ ಶ್ರೇಣಿಯೇ ಹೊರತು ಇಂದಿನ ತೀರ್ಪಲ್ಲ ಎಂದು ವಿವರಿಸಿದರು. ನಿದ್ದೆ, ಸಿಟ್ಟು, ಕುಡಿತ, ಸಾಯುವ ಯೋಚನೆ ಇವುಗಳ ಬಗ್ಗೆ ನೇರವಾಗಿ ಕೇಳಿದರು. ದಸರೆಗೆ ಮುನ್ನ ಕುಶಾಲತೋಪು, ಅಂದರೆ ಫಿರಂಗಿ ಹಾರಿಸುವ ತಾಲೀಮು ನಡೆಯುವಾಗ ಹೇಗಿರುತ್ತೀರಿ ಎಂದು ಕೇಳಿದ್ದು ನನಗೆ ಬಹಳ ಹಿಡಿಸಿತು. ಮೈಸೂರಿನಲ್ಲಿರುವ ಸೈನಿಕನನ್ನು ಅರಿಯಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗದು. ನನ್ನನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿದಾಗ ಏನನ್ನೂ ಮುಚ್ಚಿಡದೆ ಹೇಳಿದೆ. ಚಿಕಿತ್ಸೆ ತಪ್ಪಿಸಿಲ್ಲ, ಈಗ ಸ್ಥಿರವಾಗಿದ್ದಾರೆ, ನಿಯಮಿತ ತಪಾಸಣೆ ಮುಂದುವರಿಯಬೇಕು ಎಂದು ಅವರು ಬರೆದುಕೊಟ್ಟ ವರದಿಯೇ ಕಡತದ ಜೀವಾಳವಾಯಿತು.

ಪೊಲೀಸ್ ವಿಚಾರಣೆಯ ಬಗ್ಗೆ ಒಂದು ದೂರು ಇದೆ. ಮನೆಗೆ ಬಂದ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು, ಆದರೆ ಯಾವ ಕಾಯಿಲೆ, ಯಾವ ಮಾತ್ರೆ ಎಂದು ಕೇಳಿದ್ದು ಪಕ್ಕದ ಮನೆಯವರ ಎದುರಿಗೆ. ವೈದ್ಯರ ಬಳಿಯಿರುವ ಮಾಹಿತಿ ಗೋಪ್ಯವಾಗಿರಬೇಕೆಂದು 2017ರ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ವಿಚಾರಣೆಗೆ ಬರುವವರೂ ಅದೇ ಮರ್ಯಾದೆಯನ್ನು ಪಾಲಿಸಿ ಒಳಗೆ ಕುಳಿತು ಕೇಳಬಹುದಿತ್ತು.

ಮನಸಾರೆ ಹೊಗಳಬೇಕಾದದ್ದು ನಗರದ ಬಂದೂಕಿನ ಅಂಗಡಿಯೊಂದರ ಸೇವೆಯನ್ನು. ಖಿನ್ನತೆ ಹೆಚ್ಚಾಗಿದ್ದ ತಿಂಗಳುಗಳಲ್ಲಿ, ವೈದ್ಯರ ಸಲಹೆಯಂತೆ, ಬಂದೂಕನ್ನೂ ಗುಂಡುಗಳನ್ನೂ ಅಲ್ಲಿ ಠೇವಣಿ ಇಟ್ಟಿದ್ದೆವು. ಚುನಾವಣೆ ಬಂದಾಗ ಎಲ್ಲರೂ ಠೇವಣಿ ಇಡುವುದು ವಾಡಿಕೆಯಾದ್ದರಿಂದ ಊರಿನವರ ಕಣ್ಣಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಮಾಲೀಕರು ಕಾರಣ ಕೆದಕದೆ ಬಂದೂಕಿನ ನಂಬರು ಬರೆದು ರಸೀದಿ ಕೊಟ್ಟರು. ಆ ತಿಂಗಳುಗಳಲ್ಲಿ ಏಜೆನ್ಸಿಯವರು ಅವರನ್ನು ಬಂದೂಕಿಲ್ಲದ ಕಾವಲಿಗೆ ಹಾಕಿದ್ದರಿಂದ ಸಂಬಳ ಕಡಿಮೆಯಾದರೂ ಕೆಲಸ ಹೋಗಲಿಲ್ಲ. ಹೀಗೆ ಸ್ವಇಚ್ಛೆಯಿಂದ ಠೇವಣಿ ಇಟ್ಟದ್ದು ಹೊಣೆಗಾರಿಕೆಯ ಲಕ್ಷಣವೆಂದು ವೈದ್ಯರ ವರದಿಯಲ್ಲಿಯೂ ನಮೂದಾಯಿತು. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ್ದಾಗ ಲೈಸೆನ್ಸ್ ಕಳೆದುಕೊಳ್ಳದೆ ಬಂದೂಕನ್ನು ದೂರವಿಡುವ ಈ ದಾರಿಯನ್ನು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಲ್ಲಿ ತಿಳಿಸಿಕೊಡಬೇಕು.

ಪರವಾನಗಿ ನವೀಕರಣವಾಗಿ ಕೈಸೇರಿತು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಓಡಾಟದ ದೃಷ್ಟಿಯಿಂದ ಇದು ಅನುಕೂಲವೇ. ಆದರೆ ಮನಸ್ಸಿನ ಸ್ಥಿತಿ 5 ವರ್ಷ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ನಡುವೆ ಒಮ್ಮೆ ಮನೋವೈದ್ಯರ ತಪಾಸಣೆ ಇರಬೇಕೆಂಬುದು ನನ್ನ ಅಭಿಪ್ರಾಯ.

ಅರ್ಜಿ ಹಾಕುವವರಿಗೆ ಇಷ್ಟು ಹೇಳುತ್ತೇನೆ. ಮೈಸೂರು ನಗರದವರು ಪೊಲೀಸ್ ಆಯುಕ್ತರ ಕಚೇರಿಗೆ, ಮೈಸೂರಿನ ಹಳ್ಳಿಗಾಡಿನವರು ಮತ್ತು ಮಂಡ್ಯ ಜಿಲ್ಲೆಯವರು ತಮ್ಮ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕು. ಕಾಯಿಲೆಯನ್ನು ಮುಚ್ಚಿಡಬೇಡಿ, ಚಿಕಿತ್ಸೆ ನೀಡುವ ಮನೋವೈದ್ಯರ ವರದಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಆಯುಧ ಕಾಯ್ದೆಯ 18ನೇ ಸೆಕ್ಷನ್ನಿನ ಅಡಿಯಲ್ಲಿ ಮೇಲ್ಮನವಿಗೆ ಅದು ಬೇಕಾಗುತ್ತದೆ. ಇನ್ನೂ ವೈದ್ಯರನ್ನೇ ಕಾಣದವರು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.