20 ಪಟ್ಟಿನ ಬೈನಾಕ್ಯುಲರ್ ಕೊಂಡು ನಾನು ಪಟ್ಟ ಪಾಡು

ಬೈನಾಕ್ಯುಲರ್ ಕೊಳ್ಳಲು ಹೊರಟಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ಯಾರನ್ನೂ ಕೇಳದೆ ಕೊಂಡೆ, ಅನುಭವಿಸಿದೆ.

ನನ್ನ ಮುಂದೆ ಎರಡು ಇದ್ದವು. ಒಂದರ ಮೇಲೆ 8×42 ಎಂದಿತ್ತು, ಇನ್ನೊಂದರ ಮೇಲೆ 20×50. ಮೊದಲನೆಯ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು. ಎಂಟಕ್ಕಿಂತ ಇಪ್ಪತ್ತು ದೊಡ್ಡದು, ಅಲ್ವಾ? ಅಷ್ಟೇ ನನ್ನ ಲೆಕ್ಕ. ಅಂಗಡಿಯಲ್ಲೇ ಒಂದರೆಗಳಿಗೆ ಕಣ್ಣಿಗಿಟ್ಟು ನೋಡಿದೆ. ಎಲ್ಲ ದೊಡ್ಡದಾಗಿ ಕಂಡಿತು. ಖುಷಿಯಿಂದ ಮನೆಗೆ ತಂದೆ.

ಮರುದಿನ ಬೆಳಗ್ಗೆ ಮರಕುಟಿಗ ಕುಟ್ಟುವ ಸದ್ದು ಕೇಳಿತು. ಎತ್ತಿ ನೋಡಿದರೆ ಹಕ್ಕಿಯೇ ಸಿಗುತ್ತಿಲ್ಲ. ಎಲೆ, ಎಲೆ, ಮತ್ತೆ ಎಲೆ. ಕೊನೆಗೂ ಸಿಕ್ಕಾಗ ಅದು ಕೊಂಬೆಯ ಸಮೇತ ಕುಣಿಯುತ್ತಿತ್ತು. ಉಸಿರು ಬಿಗಿಹಿಡಿದೆ. ಆಗ ನನ್ನ ಎದೆಬಡಿತಕ್ಕೆ ತಾಳ ಹಾಕತೊಡಗಿತು! ನೆತ್ತಿಯ ಕೆಂಪು ಜುಟ್ಟು ಬರೀ ಕೆಂಪು ಗೀಟಾಗಿ ಕಂಡಿತು. ಹತ್ತು ನಿಮಿಷಕ್ಕೆ ಕಣ್ಣು ನೋವು, ತಲೆ ಭಾರ.

ಮಾಲೇ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡಲು ಹೋದೆ. ಅಂಗಡಿಯವರು ನೋಡಿ, ‘ಏನೂ ಆಗಿಲ್ಲ ಸರ್, ಸರಿಯಾಗೇ ಇದೆ’ ಎಂದು ಕೈಗಿಟ್ಟರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು.

ಯಾರ ಕೈಯೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಬೈನಾಕ್ಯುಲರ್ ಹಕ್ಕಿಯನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೋ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಎಂಟರ ಬದಲು ಇಪ್ಪತ್ತು ಅಂದರೆ ಎರಡೂವರೆ ಪಟ್ಟು ಜಾಸ್ತಿ ನಡುಕ. ಅದರ ಮೇಲೆ ನೋಟದ ಹರವೂ ಕಿರಿದು. ಒಂದು ಕಿಲೋಮೀಟರ್ ದೂರದಲ್ಲಿ 8×42ರಲ್ಲಿ ಸುಮಾರು 130 ಮೀಟರ್ ಅಗಲ ಕಾಣುತ್ತದೆ. ನನ್ನದರಲ್ಲಿ ಅದರ ಅರ್ಧವೂ ಇಲ್ಲ. ಹಕ್ಕಿ ಸಿಗದಿದ್ದದ್ದು ಅದಕ್ಕೇ.

ಬೆಳಕಿನ ಕಥೆಯೂ ಹೀಗೇ. ಎರಡನೆಯ ಸಂಖ್ಯೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಅದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 42ನ್ನು 8ರಿಂದ ಭಾಗಿಸಿದರೆ 5.25. ನನ್ನದು 2.5. ಹಗಲಲ್ಲಿ ಇದು ಗೊತ್ತಾಗುವುದಿಲ್ಲ. ಸಂಜೆ ಕಣ್ಣಿನ ಪಾಪೆ ಅರಳಿ ಇನ್ನಷ್ಟು ಬೆಳಕು ಕೇಳುವಾಗ ಮಬ್ಬು ಮಬ್ಬಾಗಿ ಕಾಣುತ್ತದೆ. ಲೆನ್ಸ್ ದೊಡ್ಡದಿದ್ದರೂ!

ಒಂದು ರಾತ್ರಿ ಗೆಳೆಯ ತನ್ನ 8×42 ತಂದ. ನನ್ನದರಲ್ಲಿ ಗುರುಗ್ರಹ ಬೆಂಕಿಕಡ್ಡಿ ಬೀಸಿದ ಹಾಗೆ ಗೆರೆ ಎಳೆಯುತ್ತಿತ್ತು. ಅವನದನ್ನು ಹಿಡಿದು ಮೊಣಕೈಗಳನ್ನು ಗೋಡೆಗೆ ಊರಿ ನೋಡಿದೆ. ಗ್ರಹದ ಪಕ್ಕದಲ್ಲೇ ಸಣ್ಣ ಚುಕ್ಕಿಗಳು, ಅದರ ಉಪಗ್ರಹಗಳು! ಕೃತ್ತಿಕೆಯ ಗೊಂಚಲು ಇಡಿಯಾಗಿ ಒಂದೇ ನೋಟಕ್ಕೆ ಸಿಕ್ಕಿತು. ಆವತ್ತು ಅವನ ಮುಂದೆ ನಾನು ಜಾಸ್ತಿ ಮಾತಾಡಲಿಲ್ಲ.

ಅಲುಗಾಡುವ ಹಡಗಿನ ಮೇಲೆ ನಿಲ್ಲುವ ನಾವಿಕರು ಹೆಚ್ಚಾಗಿ ಬಳಸುವುದು 7×50. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಕೈಯಲ್ಲಿ ಹಿಡಿದು ನೋಡುವುದಾದರೆ 7 ಅಥವಾ 8 ಸಾಕು. 10 ಕೆಲವರಿಗೆ ಒಗ್ಗುತ್ತದೆ. ಅದರ ಮೇಲೆ ಹೋಗಬೇಡಿ. ಅಂಗೈಯಷ್ಟಿರುವ ಬೈನಾಕ್ಯುಲರ್ ಮೇಲೆ 60, 100 ಅಂತ ಬರೆದಿದ್ದರೆ ಅದನ್ನು ಮುಟ್ಟಲೂ ಬೇಡಿ. ಜೂಮ್ ಇರುವುದೂ ನನಗೆ ಬೇಡ. ಅಗ್ಗದವುಗಳಲ್ಲಿ ಎರಡು ಕೊಳವೆಗಳ ಹೊಂದಾಣಿಕೆ ಸುಲಭವಾಗಿ ತಪ್ಪುತ್ತದೆ, ಕಣ್ಣು ಹಿಂಡಿದ ಹಾಗಾಗುತ್ತದೆ. ನಡುಕವನ್ನು ತಾನೇ ಸರಿಪಡಿಸುವ ಬೈನಾಕ್ಯುಲರುಗಳೂ ಇವೆ, ಚೆನ್ನಾಗಿವೆ, ಆದರೆ ಬೆಲೆ ಮತ್ತು ಬ್ಯಾಟರಿ ಎರಡಕ್ಕೂ ತಯಾರಿರಬೇಕು.

ಕೊಳ್ಳುವಾಗ ಅಂಗಡಿಯೊಳಗೆ ಸುಮ್ನೆ ಗೋಡೆ ನೋಡಬೇಡಿ. ಹೊರಗೆ ಬಂದು, ದೂರದ ಬೋರ್ಡಿನ ಅತಿ ಸಣ್ಣ ಅಕ್ಷರಗಳನ್ನು ಓದಲು ಎರಡು ನಿಮಿಷ ಪ್ರಯತ್ನಿಸಿ. ಅಕ್ಷರ ದೊಡ್ಡದಾಗಿ ಕಂಡರೆ ಸಾಲದು, ಓದಲು ಬರಬೇಕು.

ನನ್ನ 20×50 ಈಗ ಟ್ರೈಪಾಡ್ ಮೇಲಿದೆ. ನಡುವಿನ ಕೀಲಿನ ಮುಂದೆ ತಿರುಪು ಕೂರಿಸುವ ತೂತಿದೆ, ಅಲ್ಲಿಗೊಂದು ಅಡಾಪ್ಟರ್ ಹಾಕಿದ್ದೇನೆ. ಚಂದ್ರನ ಕುಳಿಗಳು ನಿಜಕ್ಕೂ ಸೊಗಸಾಗಿ ಕಾಣುತ್ತವೆ. ಮರಕುಟಿಗ ಮಾತ್ರ ಟ್ರೈಪಾಡಿನ ಮೂರನೇ ಕಾಲು ಬಿಚ್ಚುವಷ್ಟರಲ್ಲಿ ಹಾರಿಹೋಗಿರುತ್ತದೆ.